ನಾಗವಲ್ಲಿ ಏನು ಹೇಳುತ್ತಿದ್ದಳು?

ನಮ್ಮ ಬೈಲಹೊಂಗಲದ ಕಡೆ ಹೆಣ್ಣುಮಗಳೊಬ್ಬಳು ಮನೆಯಲ್ಲಿ ಸ್ವಲ್ಪ ದನಿ ಎತ್ತಿದರೆ ಸಾಕು, ಗಂಡಸರ ಬಾಯಲ್ಲಿ ಒಂದು ಮಾತು ಬಂದುಬಿಡುತ್ತದೆ: ‘ಏ, ನಾಗವಲ್ಲಿ ಬಂದ್ಲೋ, ಸರೀರಿ!’ ಎಲ್ಲರೂ ನಗುತ್ತಾರೆ. ಎಷ್ಟೋ ಸಲ ಆಕೆಯೂ ನಕ್ಕು ಒಳಗೆ ಹೋಗುತ್ತಾಳೆ. ಏನು ಹೇಳೋಕೆ ಬಾಯಿ ತೆರೆದಿದ್ದಳೋ ಅದು ಅಲ್ಲಿಗೇ ಮುಗೀತು.

ಈ ಮಾತು ಬಂದಿದ್ದು ‘ಆಪ್ತಮಿತ್ರ’ದಿಂದ. 2004ರ ಆಗಸ್ಟ್‌ನಲ್ಲಿ ತೆರೆಗೆ ಬಂದ, ಪಿ. ವಾಸು ನಿರ್ದೇಶನದ, ವಿಷ್ಣುವರ್ಧನ್-ಸೌಂದರ್ಯ-ರಮೇಶ್ ಅರವಿಂದ್ ಇದ್ದ ಚಿತ್ರ. ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಗಾಗಿ ಈ ಪಾತ್ರವನ್ನ ನಾವು ನೋಡಿದ್ದೇ ಆಕೆ ಇಲ್ಲದಾದ ಮೇಲೆ. ಅಂಥ ಪಾತ್ರ ಹ್ಯಾಂಗ ಹಂಗಿಸುವ ಹೆಸರಾಯಿತು? ಅದೂ, ಬದಲಾದ ದನಿಯಲ್ಲಿ ಮಾತಾಡುವ ಹೆಣ್ಣನ್ನ ಹೆದರದೆ ಕೇಳಿಸಿಕೊಳ್ಳಿ ಅಂತ ಹೇಳೋಕೇ ಬರೆದ ಚಿತ್ರಕತೆಯಿಂದ?

ಉತ್ತರ ಹುಡುಕಬೇಕಂದ್ರ ಮೂಲಕ್ಕೆ ಹೋಗಬೇಕು. 1993ರ ಡಿಸೆಂಬರ್‌ನಲ್ಲಿ ಬಂದ ಮಲಯಾಳದ ‘ಮಣಿಚಿತ್ರತ್ತಾಳು’. ಚಿತ್ರಕತೆ ಬರೆದವರು ಮಧು ಮುಟ್ಟಂ, ನಿರ್ದೇಶಕರು ಫಾಝಿಲ್. ಗಂಗಾ ಆಗಿ ನಟಿಸಿದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ನಮ್ಮವರೂ ಇದ್ದಾರೆ. ಮನೆಮಂದಿಯೆಲ್ಲ ಅನುಮಾನಪಡುವ ಶ್ರೀದೇವಿಯ ಪಾತ್ರ ವಿನಯಾ ಪ್ರಸಾದ್ ಅವರದು. ಎದುರು ಮನೆಯ ಮಹಾದೇವನ್ ಪಾತ್ರ ನಟ, ನರ್ತಕ ಶ್ರೀಧರ್ ಅವರದು. ಈ ಚಿತ್ರಕತೆಯೇ ಮೊದಲು ಕನ್ನಡಕ್ಕೆ, ಆಮೇಲೆ 2005ರಲ್ಲಿ ‘ಚಂದ್ರಮುಖಿ’ಯಾಗಿ ತಮಿಳಿಗೆ, 2007ರಲ್ಲಿ ‘ಭೂಲ್ ಭುಲೈಯಾ’ ಆಗಿ ಹಿಂದಿಗೆ ಹೋಯಿತು. ಕನ್ನಡದಲ್ಲಿ ಆಚಾರ್ಯರ ಪಾತ್ರ ಮಾಡಿದ ಅವಿನಾಶ್ ತಮಿಳಿಗೂ ಹೋದರು.

ಕತೆ ನಿಮಗೆ ಗೊತ್ತಿರೋದೇ. ಹಳೆಯ ಮನೆ, ಬೀಗ ಹಾಕಿದ ಕೋಣೆ. ಹಿಂದೊಮ್ಮೆ ಆ ಮನೆಯ ಯಜಮಾನ ಪರನಾಡಿನ ನರ್ತಕಿಯೊಬ್ಬಳನ್ನ ತಂದು ಇಟ್ಟುಕೊಂಡಿದ್ದ. ಆಕೆಯ ಮನಸ್ಸು ಎದುರು ಮನೆಯ ನರ್ತಕನ ಮೇಲೆ ಇತ್ತು. ಯಜಮಾನ ಆಕೆಯನ್ನ ಕೊಂದ. ಈಗ ಆ ಮನೆಗೆ ಬಂದ ಸೊಸೆ ಗಂಗಾ ಬೀಗ ತೆಗೆಸುತ್ತಾಳೆ, ಆ ಕತೆಯನ್ನ ಎದೆಗೆ ಹಚ್ಚಿಕೊಳ್ಳುತ್ತಾಳೆ, ಕಡೆಗೆ ತಾನೇ ನಾಗವಲ್ಲಿ ಅಂದುಕೊಳ್ಳುತ್ತಾಳೆ. ಬಂದ ಗೆಳೆಯ ಮನೋವೈದ್ಯ. ಇದು ದೆವ್ವ ಅಲ್ಲ, ಕಾಯಿಲೆ ಅಂತಾನೆ.

ಮರುಚಿತ್ರ ಮೂಲದ ಚಿತ್ರಕತೆಗೆ ಎಷ್ಟು ನಿಷ್ಠವಾಗಿದೆ ಅಂತ ಅಳೆಯೋದಕ್ಕೆ ಜನ ಸಾಮಾನ್ಯವಾಗಿ ದೃಶ್ಯ ಎಣಿಸುತ್ತಾರೆ. ಇದು ಐತಿ, ಅದು ಇಲ್ಲ, ಹಾಡು ಹೆಚ್ಚಾಯಿತು, ಕಾಮಿಡಿ ಹೆಚ್ಚಾಯಿತು. ನನಗೆ ಈ ಲೆಕ್ಕದ ಮೇಲೆ ನಂಬಿಕೆ ಇಲ್ಲ. ಯಾಕಂದ್ರೆ ನಾವು ‘ಸಂಗ್ಯಾ ಬಾಳ್ಯಾ’ದ ಸೀಮೆಯವರು. ಬೈಲಹೊಂಗಲದ ಮಣ್ಣಿನಲ್ಲೇ ನಡೆದ ಕೊಲೆಯ ಸುತ್ತ ಹುಟ್ಟಿದ ಆ ಸಣ್ಣಾಟವನ್ನ ಒಂದೊಂದು ಮೇಳ ಒಂದೊಂದು ರೀತಿ ಆಡುತ್ತದೆ. ನಡುವೆ ಊರಗೌಡನ ಮೇಲೆ ಜೋಕು ಸೇರುತ್ತದೆ, ಈ ವರ್ಷದ ಮಳೆ ಸೇರುತ್ತದೆ, ಮೊಬೈಲೂ ಸೇರುತ್ತದೆ. ಯಾರೂ ತಕರಾರು ತೆಗೆಯೋದಿಲ್ಲ. ಆದರೆ ಜೀವದ ಗೆಳೆಯ ಬಾಳ್ಯಾನೇ ಸಂಗ್ಯಾನಿಗೆ ಎರಡು ಬಗೆಯಬೇಕು. ಅದನ್ನೊಂದು ಬದಲಿಸಿ ನೋಡಿ, ಬೆಳತನಕ ಕೂತ ಜನ ಎದ್ದು ಹೋಗ್ತಾರ. ಏನನ್ನ ಸೇರಿಸಬಹುದು, ಏನನ್ನ ಮುಟ್ಟಬಾರದು ಅನ್ನೋದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತು.

ಹಂಗಾದ್ರ ‘ಮಣಿಚಿತ್ರತ್ತಾಳು’ ಚಿತ್ರಕತೆಯಲ್ಲಿ ಮುಟ್ಟಬಾರದ್ದು ಯಾವುದು? ನನ್ನ ಲೆಕ್ಕದಲ್ಲಿ ಎರಡು. ಒಂದು, ಮನೆಯಲ್ಲಿ ಆಗುವ ಪ್ರತಿಯೊಂದು ಅನಾಹುತದ ಹಿಂದೆ ಮನುಷ್ಯರ ಕೈಯೇ ಇರಬೇಕು. ಎರಡು, ನಾಗವಲ್ಲಿಯ ದೂರು ನೋಡುವವರ ಕಿವಿಗೆ ಮುಟ್ಟಬೇಕು. ಆಕೆ ಬರೀ ಹೆದರಿಸಿದರೆ ಅದು ದೆವ್ವದ ಸಿನಿಮಾ. ಆಕೆಗೆ ಅನ್ಯಾಯ ಆಗಿದೆ ಅಂತ ಅನ್ನಿಸಿದರೆ ಮಾತ್ರ, ಗಂಗಾ ಯಾಕೆ ಆಕೆಯೊಳಗೆ ಹೋಗಿ ಸೇರಿಕೊಂಡಳು ಅನ್ನೋದು ತಿಳಿಯುತ್ತದೆ.

ಮೊದಲನೆಯದನ್ನ ‘ಆಪ್ತಮಿತ್ರ’ ಚೆನ್ನಾಗಿಯೇ ಉಳಿಸಿಕೊಂಡಿದೆ. ಅನುಮಾನವನ್ನ ಮನೆಯ ಇನ್ನೊಬ್ಬ ಹುಡುಗಿಯ ಮೇಲೆ ಹಾಕುವ ತಂತ್ರ ಕನ್ನಡದಲ್ಲೂ ಇದೆ, ಆ ಪಾತ್ರ ಪ್ರೇಮಾ ಅವರದು. ಇದು ಬರೀ ಗುಟ್ಟು ಕಾಯೋ ಉಪಾಯ ಅಲ್ಲ. ಮಲಯಾಳದಲ್ಲಿ ಶ್ರೀದೇವಿ ಜಾತಕದ ದೋಷ ಇದೆ ಅಂತ ಕೈಬಿಟ್ಟವಳು. ಅಂಥವಳ ಮೇಲೆ ಮನೆಮಂದಿಗೆ ಅನುಮಾನ ಬಂದಾಗ ನಮಗೂ ಬರುತ್ತದೆ. ಅನುಮಾನ ಸುಳ್ಳಾದಾಗ ನಾವೂ ಆ ಮನೆಮಂದಿಯಂತೆಯೇ ಯೋಚಿಸಿದೆವು ಅಂತ ಗೊತ್ತಾಗುತ್ತದೆ. ದೋಷದ ಹೆಸರಲ್ಲಿ ಒಂದು ಹುಡುಗಿಯನ್ನ ಮೂಲೆಗೆ ಕೂಡಿಸೋದು ಎಷ್ಟು ಸಲೀಸು ಅಂತ ಚಿತ್ರಕತೆ ನಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತದೆ.

ಮಂಚದ ದೃಶ್ಯವೂ ಹಾಗೇ ಬಂದಿದೆ. ಗಂಗಾ ಎಲ್ಲಿಗೋ ಹೊರಟಿದ್ದಾಳೆ. ಗಂಡ ಬೇಡ ಅಂತಾನೆ. ಅಷ್ಟೇ, ಬೇರೆ ಏನೂ ಇಲ್ಲ. ಅವಳ ಕಣ್ಣು ಬದಲಾಗುತ್ತದೆ, ದನಿ ಬದಲಾಗುತ್ತದೆ, ಮಂಚ ಎತ್ತುತ್ತಾಳೆ. ಇಡೀ ಚಿತ್ರಕತೆಯ ಕೀಲಿ ಈ ದೃಶ್ಯದಲ್ಲಿದೆ. ಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ. ಗಂಡ ‘ಹೋಗಬೇಡ’ ಅಂದ. ನಾಗವಲ್ಲಿಯನ್ನ ಕರೆದಿದ್ದು ಆ ಒಂದು ಮಾತು. ಸೌಂದರ್ಯ ಇದನ್ನ ಎಷ್ಟು ಚೆನ್ನಾಗಿ ಮಾಡಿದ್ದಾರಂದ್ರ, ಎಷ್ಟು ಸಲ ನೋಡಿದರೂ ಮೊದಲ ಒಂದೆರಡು ಕ್ಷಣ ಅದು ಹೆಂಡತಿಯ ಸಿಟ್ಟೋ ಬೇರೆಯವಳ ಸಿಟ್ಟೋ ಅಂತ ಗೊತ್ತಾಗೋದಿಲ್ಲ. ಗೊತ್ತಾಗಬಾರದು ಅಂತಲೇ ಅದನ್ನ ಬರೆದಿದ್ದು.

ತಪ್ಪಿದ್ದು ಎರಡನೆಯದು, ದೂರು ಮುಟ್ಟಿಸೋ ಕೆಲಸ. ಒಂದೊಂದಾಗಿ ನೋಡೋಣ.

ಮೊದಲಿಗೆ ಹೆಸರೇ ನೋಡ್ರಿ. ಮಲಯಾಳದ ಹೆಸರು ಚಿತ್ತಾರದ ಬೀಗದ್ದು. ಮುಚ್ಚಿಟ್ಟ ಕೋಣೆ, ಮುಚ್ಚಿಟ್ಟ ಕತೆ, ಮುಚ್ಚಿಟ್ಟ ಮನಸ್ಸು. ತಮಿಳಿನಲ್ಲಿ ನರ್ತಕಿಯ ಹೆಸರು ಬಂತು. ಹಿಂದಿಯಲ್ಲಿ ದಾರಿ ತಪ್ಪಿಸುವ ಮಹಲಿನದು. ಕನ್ನಡದಲ್ಲಿ ಮಾತ್ರ ಹೆಸರು ಗೆಳೆಯನದು. ಆಪ್ತಮಿತ್ರ ಅಂದರೆ ವಿಷ್ಣುವರ್ಧನ್. ಮಲಯಾಳದಲ್ಲಿ ಮೋಹನ್‌ಲಾಲ್ ಅಂಥ ತಾರೆ ಇದ್ದರೂ ವೈದ್ಯನ ಪ್ರವೇಶ ತಡವಾಗಿಯೇ ಆಗುತ್ತದೆ. ಅಷ್ಟೊತ್ತಿಗೆ ನಾವು ಗಂಗಾಳ ಜೊತೆ ಸಾಕಷ್ಟು ಕಾಲ ಕಳೆದಿರುತ್ತೇವೆ. ಅಪ್ಪ-ಅಮ್ಮ ದೂರದ ಊರಲ್ಲಿದ್ದು, ಅಜ್ಜಿಯ ಹತ್ತಿರ ಒಬ್ಬಳೇ ಬೆಳೆದ ಹುಡುಗಿ ಅಂತ ಆಮೇಲೆ ವೈದ್ಯ ಹೇಳಿದಾಗ, ಹೌದಲ್ಲ, ಹಂಗೇ ಇದ್ದಳು ಅನ್ನಿಸುತ್ತದೆ. ಕನ್ನಡ ಚಿತ್ರದ ತೂಕ ಮೊದಲಿನಿಂದಲೂ ಬಿಡಿಸುವವನ ಕಡೆ ವಾಲಿದೆ, ಸಿಕ್ಕಿಕೊಂಡವಳ ಕಡೆ ಅಲ್ಲ.

ಎರಡನೆಯದು ಅರಸ. ಮಲಯಾಳದ ನಾಗವಲ್ಲಿ ತನ್ನನ್ನ ಕೊಂದ ಯಜಮಾನನನ್ನ ನೋಡೋದು ಎಲ್ಲಿ? ಗಂಡ ನಕುಲನ್‌ನಲ್ಲಿ. ಕಡೆಗೆ ದುರ್ಗಾಷ್ಟಮಿಯ ರಾತ್ರಿ ಆಕೆಯ ಕತ್ತಿಯ ಮುಂದೆ ಮಲಗಿಸೋದೂ ನಕುಲನ್‌ನನ್ನೇ. ಹೊಗೆಯ ಮರೆಯಲ್ಲಿ ಹಲಗೆ ಮಗುಚಿ ಬೊಂಬೆ ಬರುತ್ತದೆ ಅನ್ನೋದು ಬೇರೆ ಮಾತು. ಒಳ್ಳೆಯ ಗಂಡ, ಪ್ರೀತಿಸುವ ಗಂಡ, ಆದರೂ ‘ಹೋಗಬೇಡ’ ಅನ್ನುವಾಗ ಆ ಹಳೆಯ ಯಜಮಾನನ ಮುಖವೇ ಇವನಿಗೂ ಬರುತ್ತದೆ. ಚಿತ್ರಕತೆ ಇದನ್ನ ಭಾಷಣದಲ್ಲಿ ಹೇಳೋದಿಲ್ಲ, ಯಾರು ಎಲ್ಲಿ ನಿಂತಿದ್ದಾರೆ ಅನ್ನೋದರಲ್ಲೇ ಹೇಳುತ್ತದೆ. ಕನ್ನಡದಲ್ಲಿ ಅರಸ ವಿಜಯರಾಜೇಂದ್ರ ಬಹದ್ದೂರನ ಮುಖ ವಿಷ್ಣುವರ್ಧನ್ ಅವರದು. ಆ ಗತ್ತು, ಆ ‘ಹೌಲಾ’ ಅನ್ನೋ ಕೂಗು, ಥಿಯೇಟರಿನಲ್ಲಿ ಶಿಳ್ಳೆ. ತಾರೆಗೆ ಎರಡು ಪಾತ್ರ ಸಿಕ್ಕಿತು, ಗಂಡ ಪಕ್ಕಕ್ಕೆ ಸರಿದ. ಮಂಚದ ದೃಶ್ಯ ಹಾಕಿದ ಪ್ರಶ್ನೆಗೆ ಉತ್ತರ ಕೊಡಬೇಕಾದವನು ರಮೇಶ್ ಅರವಿಂದ್. ಉತ್ತರ ಕೊಟ್ಟವರು ವಿಷ್ಣುವರ್ಧನ್. ಅದಕ್ಕೂ ಮುಖ್ಯವಾಗಿ, ಹೆಣ್ಣನ್ನ ತಂದು ಕೂಡಿಹಾಕಿ ಕೊಂದವನಿಗೆ ನಾವು ಚಪ್ಪಾಳೆ ಹೊಡೆದೆವು. 1939ರಲ್ಲಿ ಸಂಸ್ಥಾನದ ವಿರುದ್ಧ ಎದ್ದು ನಿಂತ ರಾಮದುರ್ಗದಲ್ಲೂ ಈ ಅರಸನಿಗೆ ಶಿಳ್ಳೆ ಕಡಿಮೆ ಬಿದ್ದಿರಲಿಕ್ಕಿಲ್ಲ ಬಿಡ್ರಿ.

ಮೂರನೆಯದು ಭಾಷೆ. ನಮ್ಮ ನಾಲ್ಕು ತಾಲೂಕಿನವರಿಗೆ ಇದೇ ದೊಡ್ಡದು. ಮಧು ಮುಟ್ಟಂ ಅವರ ನಾಗವಲ್ಲಿ ತಂಜಾವೂರಿನವಳು, ಆಕೆ ಮಾತಾಡೋದು ತಮಿಳು. ಮಲಯಾಳಿ ಪ್ರೇಕ್ಷಕನಿಗೆ ತಮಿಳು ಪಕ್ಕದ ಮನೆಯ ಭಾಷೆ. ಹೊರಗಿನದು ಅನ್ನಿಸಿ ಮೈ ಜುಮ್ಮೆನ್ನುತ್ತದೆ, ಆದರೆ ಮಾತು ತಿಳಿಯುತ್ತದೆ. ‘ನನ್ನನ್ನ ಬಿಡೋದಿಲ್ಲವಾ’ ಅಂತ ಆಕೆ ಕೇಳಿದಾಗ ಏನು ಕೇಳಿದಳು ಅಂತ ಸಭೆಗೆ ಗೊತ್ತು. ಹೆದರಿಕೆ, ಅಳು ಎರಡೂ ಒಟ್ಟಿಗೇ ಬರುತ್ತವೆ. ವಾಸು ಈ ಲೆಕ್ಕವನ್ನ ಸರಿಯಾಗಿ ಹಿಡಿದು ಕನ್ನಡದಲ್ಲಿ ನಾಗವಲ್ಲಿಯನ್ನ ತೆಲುಗಿನವಳನ್ನಾಗಿ ಮಾಡಿದರು. ಮುಳಬಾಗಿಲಿನ ಕಡೆಯ ಸೌಂದರ್ಯ ತೆಲುಗಿನ ದೊಡ್ಡ ತಾರೆ, ನಾಲಿಗೆ ಅಲ್ಲಿಯದೇ ಅನ್ನಿಸುವಷ್ಟು ಸಲೀಸು. ಬೆಂಗಳೂರು, ಕೋಲಾರ, ಬಳ್ಳಾರಿಯಲ್ಲಿ ಈ ಲೆಕ್ಕ ಕೂಡಿತು.

ನಮ್ಮಲ್ಲಿ? ಸವದತ್ತಿ, ಕಿತ್ತೂರಿನ ಕಡೆ ಪಕ್ಕದ ಮನೆಯ ಭಾಷೆ ಮರಾಠಿ. ತೆಲುಗು ಕಿವಿಗೆ ಬಿದ್ದರೆ ಅದು ದನಿ ಅಷ್ಟೇ. ‘ರಾ ರಾ’ ಹಾಡು ಎಲ್ಲರಿಗೂ ಬಾಯಿಪಾಠ ಆಯಿತು, ಮದುವೆ ಆರ್ಕೆಸ್ಟ್ರಾದಲ್ಲಿ ಕುಣಿದದ್ದೂ ಆಯಿತು. ಆಕೆ ಯಾರನ್ನ ಕರೀತಾಳ, ಯಾಕ ಕರೀತಾಳ ಅಂತ ಕೇಳಿದರೆ ಹೇಳುವವರು ಕಡಿಮೆ. ನಮ್ಮ ಪಾಲಿಗೆ ನಾಗವಲ್ಲಿ ಕಣ್ಣು ತೆರೆದು, ಕೂದಲು ಬಿಟ್ಟು, ತಿಳಿಯದ ಏನನ್ನೋ ಕೂಗುವ ಹೆಂಗಸಾದಳು. ದೂರು ಉಳಿಯಲಿಲ್ಲ, ಕಿರುಚಾಟ ಉಳಿಯಿತು. ‘ನಾಗವಲ್ಲಿ ಬಂದ್ಲೋ’ ಅನ್ನೋ ಹಂಗಿಕೆ ಹುಟ್ಟಿದ್ದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಚಿತ್ರಕತೆಯ ನಿಯಮ ಅಕ್ಷರಶಃ ಪಾಲನೆಯಾಯಿತು, ಆದರೆ ಬೆಳಗಾವಿ ಜಿಲ್ಲೆಗೆ ಬರೋ ಹೊತ್ತಿಗೆ ಅದರ ಕೆಲಸ ಕೆಟ್ಟಿತ್ತು.

ಇಂಥ ಕತೆಗಳಲ್ಲಿ ಹೆದರಿಸುವ ದೃಶ್ಯ ಉಳಿದು, ‘ಯಾಕೆ’ ಅನ್ನುವ ಮಾತು ಕಳೆದುಹೋಗೋದು ಹೊಸದೇನಲ್ಲ. 1973ರ ‘ದಿ ಎಕ್ಸಾರ್ಸಿಸ್ಟ್’ ನೋಡಿ. ಕಾದಂಬರಿಯನ್ನೂ ಚಿತ್ರಕತೆಯನ್ನೂ ಬರೆದವರು ವಿಲಿಯಂ ಪೀಟರ್ ಬ್ಲ್ಯಾಟಿ. ಈ ಹುಡುಗಿಗೇ ಯಾಕೆ ಹಿಂಗಾಯಿತು ಅಂತ ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ಕೂತು ಮಾತಾಡುವ ಭಾಗವನ್ನ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಕತ್ತರಿಸಿದರು. ಬರೆದವರಿಗೆ ಅದೇ ಮುಖ್ಯವಾಗಿತ್ತು. ಅದು ಚಿತ್ರಕ್ಕೆ ಮರಳಿದ್ದು 2000ದ ಆವೃತ್ತಿಯಲ್ಲಿ. ಕನ್ನಡದ ಮೊದಮೊದಲ ಯಶಸ್ವಿ ದೆವ್ವದ ಚಿತ್ರ, 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ದೆವ್ವ ನಿಜವಾದ ದೆವ್ವವೇ, ಹೊಕ್ಕಿದ್ದು ಅನಂತ್ ನಾಗ್ ಅವರ ಮೈಯನ್ನ. ದೆವ್ವ ಬಡಿದವ ಗಂಡಸಾಗಿದ್ದಕ್ಕೋ ಏನೋ, ಆ ಚಿತ್ರದಿಂದ ಯಾರನ್ನೂ ಹಂಗಿಸುವ ಹೆಸರು ಹುಟ್ಟಲಿಲ್ಲ.

ಈಗ ನಮ್ಮ ಗುಡ್ಡಕ್ಕೆ ಬರೋಣ. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಸವದತ್ತಿ ಎಲ್ಲಮ್ಮನ ಗುಡ್ಡ ಹತ್ತಿದವರಿಗೆ ಹೆಣ್ಣುಮಕ್ಕಳ ಮೈತುಂಬೋದು ಹೊಸದಲ್ಲ. ಮೈಮೇಲೆ ತಾಯಿ ಬಂದಳು ಅಂದ ಕೂಡಲೇ ಸುತ್ತ ನಿಂತವರು ಏನು ಮಾಡ್ತಾರೆ ಗಮನಿಸಿದ್ದೀರಾ? ಕೈ ಮುಗಿದು ಕೇಳ್ತಾರ: ‘ಏನವ್ವಾ ತಾಯಿ, ನಮ್ಮಿಂದ ಏನ ತಪ್ಪಾತು? ಏನ ಬೇಕ ನಿನಗ?’ ಮನೆಯಲ್ಲಿ ವರ್ಷಗಟ್ಟಲೆ ಬಾಯಿ ಬಿಡದ ಸೊಸೆಯ ಮಾತನ್ನ ಆ ಗಳಿಗೆ ಅತ್ತೆಯೂ ಕೇಳುತ್ತಾಳೆ, ಗಂಡನೂ ಕೇಳುತ್ತಾನೆ. ಅದೇ ಹೆಣ್ಣಿಗೆ ‘ದೆವ್ವ ಬಡಿದೈತಿ’ ಅಂತ ಯಾರಾದರೂ ಅಂದರೆ ಸಾಕು, ಪ್ರಶ್ನೆ ನಿಲ್ಲುತ್ತದೆ. ಬೇವಿನ ತಪ್ಪಲ ಬರುತ್ತದೆ, ಮೆಣಸಿನಕಾಯಿ ಹೊಗೆ ಬರುತ್ತದೆ, ಹೊಡೆತ ಬರುತ್ತದೆ. ಹೆಣ್ಣು ಒಬ್ಬಳೇ, ಬದಲಾದ ದನಿಯೂ ಒಂದೇ. ದೇವಿ ಅಂದರೆ ಕೇಳ್ತೀವಿ, ದೆವ್ವ ಅಂದರೆ ಹೊಡೀತೀವಿ.

ಮಧು ಮುಟ್ಟಂ ಅವರ ಚಿತ್ರಕತೆಯ ವೈದ್ಯ ಮಾಡೋದು ಗುಡ್ಡದ ಮೇಲೆ ಮಾಡುವ ಕೆಲಸವನ್ನೇ. ಆಕೆಗೆ ಏನು ಬೇಕು ಅಂತ ತಿಳಿದುಕೊಳ್ಳುತ್ತಾನೆ, ಬೇಕಾದ್ದನ್ನ ಕೊಟ್ಟಂತೆ ಮಾಡುತ್ತಾನೆ, ಮಂತ್ರವಾದಿಯನ್ನೂ ಜೊತೆಗೆ ಕೂಡಿಸಿಕೊಳ್ಳುತ್ತಾನೆ. ಒಂದೇ ರಾತ್ರಿಯಲ್ಲಿ, ಬೊಂಬೆ ಕಡಿಸಿ, ಯಾವ ಆಸ್ಪತ್ರೆಯಲ್ಲೂ ಕಾಯಿಲೆ ವಾಸಿ ಮಾಡೋದಿಲ್ಲ ಅನ್ನೋದು ನಿಜ. ಅದು ಸಿನಿಮಾದ ಸಲಿಗೆ. ಆದರೆ ಮೊದಲು ಕೇಳು, ಆಮೇಲೆ ಔಷಧ ಅನ್ನೋ ಕ್ರಮ ಸರಿಯಾಗಿದೆ.

ಇನ್ನೊಂದು ಮಾತು. ಪರಊರಿಂದ ತಂದು, ಕುಣಿಸಿ, ಇಟ್ಟುಕೊಂಡು, ತನ್ನ ಇಷ್ಟ ಅಂತ ಏನೂ ಇಲ್ಲದಂತೆ ಮಾಡಿದ ಹೆಣ್ಣಿನ ಕತೆ ಸವದತ್ತಿಗೆ ಹೊಸದಲ್ಲ. ದೇವದಾಸಿ ಬಿಡೋದನ್ನ ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಮುದುಕಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಾಗವಲ್ಲಿಯ ದೂರನ್ನ ಉಳಿದ ಕರ್ನಾಟಕಕ್ಕಿಂತ ಮೊದಲು ತಿಳಿಯಬೇಕಾದವರು ನಾವು. ನಾವೇ ಆಕೆಯ ಹೆಸರನ್ನ ಜೋಕು ಮಾಡಿಕೊಂಡೆವು.

ಕೂಡಿಹಾಕಿದ ಹೆಣ್ಣನ್ನ ಬೇರೆ ರೀತಿ ನೆನಪಿಡೋದೂ ನಮಗೆ ಗೊತ್ತು. 1824ರಲ್ಲಿ ಇಂಗ್ಲಿಷರ ಮೇಲೆ ಗೆದ್ದ ಕಿತ್ತೂರು ಅದೇ ವರ್ಷ ಬಿದ್ದಾಗ ರಾಣಿ ಚೆನ್ನಮ್ಮನನ್ನ ತಂದು ಸೆರೆಯಿಟ್ಟಿದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರ ಫೆಬ್ರುವರಿಯಲ್ಲಿ ಆಕೆ ಸತ್ತದ್ದೂ ಇಲ್ಲೇ, ಸಮಾಧಿಯೂ ಇಲ್ಲೇ. ಬೀಗದ ಹಿಂದೆ ತೀರಿಕೊಂಡ ಹೆಣ್ಣು, ಆದರೆ ಆಕೆಯ ದೆವ್ವದ ಕತೆ ಕಟ್ಟಿ ಯಾರೂ ಮಕ್ಕಳನ್ನ ಹೆದರಿಸೋದಿಲ್ಲ. ಆಕೆ ಏನು ಹೇಳಿದಳು ಅಂತ ಲಾವಣಿ ಕಟ್ಟಿದರು, ನಾಟಕ ಆಡಿದರು, 1961ರಲ್ಲಿ ಸಿನಿಮಾವನ್ನೂ ತೆಗೆದರು. ಅರಮನೆಯ ರಾಣಿಗೆ ಸಿಕ್ಕ ಕಿವಿ ಅರಮನೆಯ ನರ್ತಕಿಗೆ ಸಿಗಲಿಲ್ಲ.

‘ಆಪ್ತಮಿತ್ರ’ದ ಪರವಾಗಿ ಹೇಳಬೇಕಾದ ದೊಡ್ಡ ಮಾತೂ ಇದೆ. ದೆವ್ವ ಅಂತ ಕಂಡದ್ದು ಕಾಯಿಲೆ ಇರಬಹುದು, ಅದಕ್ಕೆ ಡಾಕ್ಟರು ಇದ್ದಾರೆ ಅಂತ ಇಷ್ಟು ದೊಡ್ಡ ತಾರೆಯ ಬಾಯಿಂದ, ಇಷ್ಟು ಜನರ ಮುಂದೆ ಹೇಳಿದ ಕನ್ನಡ ಚಿತ್ರ ಅದಕ್ಕೂ ಮೊದಲು ನನಗೆ ನೆನಪಿಲ್ಲ. ಪುಸ್ತಕದಲ್ಲಿ ಓದಿ ಒಪ್ಪದವರು ವಿಷ್ಣುವರ್ಧನ್ ಹೇಳಿದ್ದಕ್ಕೆ ತಲೆದೂಗಿದರು. ತಾರೆಯ ತೂಕದಿಂದ ಚಿತ್ರಕತೆಗೆ ಆದ ನಷ್ಟವನ್ನ ಲೆಕ್ಕ ಹಾಕುವಾಗ ಈ ಲಾಭವನ್ನೂ ಬರೆಯಬೇಕು.

ಬೇಸರ ಏನಂದ್ರ, ಆ ಲಾಭವನ್ನ 2010ರ ‘ಆಪ್ತರಕ್ಷಕ’ ವಾಪಸ್ ಕೊಟ್ಟುಬಿಟ್ಟಿತು. ವಿಷ್ಣುವರ್ಧನ್ ತೀರಿಕೊಂಡ ಮೇಲೆ ಬಂದ ಅವರ ಕಡೆಯ ದೊಡ್ಡ ಚಿತ್ರ ಅದು, ಕಣ್ಣೀರಿಟ್ಟುಕೊಂಡೇ ನೋಡಿದೆವು. ಆದರೆ ಅದರಲ್ಲಿ ನಾಗವಲ್ಲಿಯ ಪಟ ಮನೆಯಿಂದ ಮನೆಗೆ ಹೋಗಿ ಕಾಡುತ್ತದೆ, ಆ ಕಾಲದ ಅರಸ ಇನ್ನೂ ಬದುಕಿದ್ದಾನೆ. ಮೊದಲ ಚಿತ್ರ ಉಳಿಸಿಕೊಂಡಿದ್ದ ಮಾತು, ಎಲ್ಲದರ ಹಿಂದೆ ಮನುಷ್ಯರ ಕೈ ಅನ್ನೋದು, ಇಲ್ಲಿ ಸಡಿಲವಾಯಿತು. ಸಣ್ಣಾಟದ ಲೆಕ್ಕದಲ್ಲಿ ಹೇಳೋದಾದರೆ, ಬಾಳ್ಯಾನ ದ್ರೋಹವನ್ನೇ ಆಟದಿಂದ ತೆಗೆದಂಗ ಆತು.

ಆದ್ದರಿಂದ ಚಿತ್ರಕತೆಗೆ ನಿಷ್ಠೆ ಅನ್ನೋದು ಪಂಡಿತರ ತಕರಾರು ಅಂತ ನನಗೆ ಅನ್ನಿಸೋದಿಲ್ಲ. ಒಂದು ದೃಶ್ಯದಲ್ಲಿ ಗಂಡನ ಜಾಗಕ್ಕೆ ಅರಸನ ವೇಷದ ತಾರೆ ಬಂದು ನಿಂತರೆ, ಒಂದು ಮಾತು ತಿಳಿಯದ ಭಾಷೆಯಲ್ಲೇ ಉಳಿದರೆ, ಅದರ ಬೆಲೆ ತೆರೋದು ಥಿಯೇಟರಿನ ಹೊರಗೆ, ಯಾವುದೋ ಊರಿನ ಯಾವುದೋ ಮನೆಯ ಹೆಣ್ಣುಮಗಳು. ರಾತ್ರಿ ಎದ್ದು ಕೂತು ಬೇರೆ ದನಿಯಲ್ಲಿ ಮಾತಾಡುವವಳನ್ನ ಬೈಲಹೊಂಗಲದಿಂದ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯೋಕೆ ಬಸ್ಸಿನಲ್ಲಿ ಬಹಳ ಹೊತ್ತು ಬೇಡ. ಹೊರಡಿಸೋಕೆ ಮಾತ್ರ ವರ್ಷಗಳು ಹಿಡಿಯುತ್ತವೆ, ಯಾಕಂದ್ರೆ ಮನೆಯವರಿಗೆ ಮೊದಲು ಹೆದರಿಕೆ ಹೋಗಬೇಕು, ಆಮೇಲೆ ನಗು ಹೋಗಬೇಕು.

ಮುಂದಿನ ಸಲ ಟಿವಿಯಲ್ಲಿ ‘ಆಪ್ತಮಿತ್ರ’ ಬಂದಾಗ ಮಂಚದ ದೃಶ್ಯಕ್ಕೆ ಮುಂಚಿನ ಅರ್ಧ ನಿಮಿಷ ನೋಡಿ. ಸೌಂದರ್ಯ ಎಲ್ಲಿಗೋ ಹೊರಟಿದ್ದಾರೆ, ಸಂತೋಷವಾಗಿದ್ದಾರೆ. ಆಗಿನ್ನೂ ಯಾವ ನಾಗವಲ್ಲಿಯೂ ಬಂದಿಲ್ಲ. ಗಂಡ ಏನಂದ ಅಂತ ಕಿವಿಗೊಟ್ಟು ಕೇಳಿ. ಆ ಮಾತು ಕನ್ನಡದಲ್ಲೇ ಇದೆ, ಎಲ್ಲರಿಗೂ ತಿಳಿಯುತ್ತದೆ.